ಜಾಹೀರಾತಿನ ಕಾಟವೂ ಕಲಾವಿದನ ಕೂಲಿಯೂ

ಕಳೆದ ತಿಂಗಳ ಒಂದು ಭಾನುವಾರ ಸಂಜೆ ನಮ್ಮ ಕಾರ್ಯಾಲಯದ ಬೆಂಚಿನ ಮೇಲೆ ಕುಳಿತು ಇಬ್ಬರು ತರುಣರು ನಡೆಸಿದ ವಾಗ್ವಾದವೇ ಈ ಲೇಖನಕ್ಕೆ ಕಾರಣವಾಗಿದೆ. ಒಬ್ಬರು ಅಂಧೇರಿಯ ಒಂದು ಕಚೇರಿಯಲ್ಲಿ ಗುಮಾಸ್ತರು. ಇನ್ನೊಬ್ಬರು ವಾರವಿಡೀ ಹೋಟೆಲಿನಲ್ಲಿ ಬಿಲ್ಲು ಬರೆದು, ರಜೆಯ ದಿನ ಮುಂಬಯಿಯ ನಮ್ಮ ಹವ್ಯಾಸಿ ಮಂಡಳಿಗಳ ಯಕ್ಷಗಾನ, ನಾಟಕಗಳನ್ನು ಅವರ ಒಪ್ಪಿಗೆ ಪಡೆದು ಕ್ಯಾಮರಾದಲ್ಲಿ ಹಿಡಿದು ಯೂಟ್ಯೂಬಿಗೆ ಏರಿಸುವ ಹವ್ಯಾಸವುಳ್ಳವರು.

"ಭಾಗವತರು ಪದ ಎತ್ತುವ ಹೊತ್ತಿಗೆ ಸರಿಯಾಗಿ ಸಾಲ ಕೊಡುವವನೊಬ್ಬ ಬಂದು ಕಿರುಚುತ್ತಾನೆ. ಅದಕ್ಕೇ ನಾನು ಕಂಪ್ಯೂಟರಿನಲ್ಲಿ ಆ್ಯಡ್ ಬ್ಲಾಕರ್ ಹಾಕಿಕೊಂಡಿದ್ದೇನೆ" ಎಂದರು ಗುಮಾಸ್ತರು.

"ಹಾಗಾದರೆ ನನ್ನ ಕ್ಯಾಮರಾದ ಬಾಡಿಗೆ ನೀವು ಕೊಡ್ತೀರಾ ಮಾರಾಯ್ರೆ?" ಎಂದರು ಬಿಲ್ಲಿನವರು.

ಮಾತಿಗೆ ಮಾತು ಬೆಳೆದು ಕೊನೆಗೆ ಇಬ್ಬರೂ ನಮ್ಮ ಕಡೆಗೆ ತಿರುಗಿದರು. "ನೀವೇ ಹೇಳಿ ಅಣ್ಣ, ಇದು ಕಳ್ಳತನವೋ ಅಲ್ಲವೋ?" ಥಟ್ಟನೆ ಉತ್ತರ ಹೊಳೆಯಲಿಲ್ಲವಾಗಿ ನಾವು ಒಂದು ವಾರದ ಅವಧಿಯನ್ನು ಕೇಳಿಕೊಂಡೆವು.

ನ್ಯಾಯ ಹೇಳುವವನು ಮೊದಲು ತನ್ನ ಹಿತಾಸಕ್ತಿಯನ್ನು ಹೇಳಿಕೊಳ್ಳಬೇಕು. ನಾವೂ ಜಾಹೀರಾತಿನ ಅನ್ನ ಉಣ್ಣುವವರೇ. ವಾಚಕರು ಬಿಡಿ ಪ್ರತಿಗೆ ಕೊಡುವ ಹಣದಿಂದ ಕಾಗದ, ಮಸಿ, ಅಚ್ಚು, ಸಾಗಾಟಗಳ ವೆಚ್ಚ ಹುಟ್ಟುವುದಿಲ್ಲ. ವಧೂವರರ ಪ್ರಕಟಣೆ, ಬ್ಯಾಂಕಿನ ಸೂಚನೆ, ಆಭರಣದಂಗಡಿಯ ಹಬ್ಬದ ರಿಯಾಯಿತಿ ಇವೇ ಮುದ್ರಣಾಲಯದ ಬಿಲ್ಲನ್ನು ತೀರಿಸುತ್ತವೆ. ಆದರೂ ಒಂದು ಭೇದವುಂಟು. ಪತ್ರಿಕೆಯ ಜಾಹೀರಾತನ್ನು ವಾಚಕನು ಬೇಡವೆಂದರೆ ಪುಟ ಮಗುಚಿ ಮುಂದೆ ಹೋಗುತ್ತಾನೆ. ನಾವು ಅವನ ಕೈ ಹಿಡಿದು ನಿಲ್ಲಿಸುವುದಿಲ್ಲ.

ಜಾಹೀರಾತನ್ನು ಜನರು ಎಂದೂ ದ್ವೇಷಿಸುತ್ತ ಬಂದವರೆಂದು ತಿಳಿಯುವುದೂ ತಪ್ಪು. 1952ರಲ್ಲಿ ಆಕಾಶವಾಣಿಯು ಚಲಚ್ಚಿತ್ರ ಗೀತೆಗಳನ್ನು ದೂರವಿಟ್ಟಾಗ ದೇಶದ ಶ್ರೋತೃಗಳು ರೇಡಿಯೋ ಸಿಲೋನಿಗೆ ಮುಳ್ಳು ತಿರುಗಿಸಿದರು. ಹಲ್ಲುಜ್ಜುವ ಪೇಸ್ಟಿನ ಹೆಸರನ್ನೇ ಹೊತ್ತ ಬಿನಾಕಾ ಗೀತಮಾಲೆಯನ್ನು ಕೇಳುವುದಕ್ಕಾಗಿ ಬುಧವಾರ ರಾತ್ರಿ ಹೋಟೆಲುಗಳ ಬಾಗಿಲಲ್ಲಿ ಗುಂಪು ಸೇರುತ್ತಿತ್ತೆಂದೂ, ಲೋಟ ತೊಳೆಯುವ ಹುಡುಗರಾಗಿದ್ದ ತಾವು ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದೆವೆಂದೂ ನಮ್ಮ ತೀರ್ಥರೂಪರು ಹೇಳುತ್ತಿದ್ದುದುಂಟು. ಆಕಾಶವಾಣಿಯೂ 1967ರ ನವೆಂಬರ್ 1ರಿಂದ ವಿವಿಧ ಭಾರತಿಯಲ್ಲಿ ಜಾಹೀರಾತಿಗೆ ಎಡೆಗೊಟ್ಟಿತು. ಮುಂಬಯಿ, ಪುಣೆ, ನಾಗಪುರಗಳಲ್ಲಿಯೇ ಅದರ ಆರಂಭ. ದೂರದರ್ಶನಕ್ಕೆ ಅದು ಬಂದುದು 1976ರಲ್ಲಿ. ಹಾಡಿನ ಋಣಕ್ಕೆ ಪೇಸ್ಟಿನ ಹೆಸರು ಕೇಳುವುದನ್ನು ಯಾರೂ ಅನ್ಯಾಯವೆನ್ನಲಿಲ್ಲ. ಆ ಪೇಸ್ಟು ಕೇಳುಗನ ಜೇಬನ್ನು ತಡವುತ್ತಿರಲಿಲ್ಲ. ಅವನು ನಿನ್ನೆ ಏನು ಕೊಂಡನೆಂಬುದೂ ಅದಕ್ಕೆ ಗೊತ್ತಿರಲಿಲ್ಲ.

ಇನ್ನು ಪ್ರಸ್ತುತ ವಿಷಯಕ್ಕೆ ಬರೋಣ. ಯೂಟ್ಯೂಬ್ ಸಂಸ್ಥೆಯು 2005ರಲ್ಲಿ ಅಮೇರಿಕೆಯಲ್ಲಿ ಚಾಡ್ ಹರ್ಲಿ, ಸ್ಟೀವ್ ಚೆನ್, ಜಾವೇದ್ ಕರೀಂ ಎಂಬ ಮೂವರು ತರುಣರಿಂದ ಆರಂಭವಾಯಿತು. ಮರುವರ್ಷವೇ ಗೂಗಲ್ ಕಂಪೆನಿಯು 165 ಕೋಟಿ ಡಾಲರು ಮೌಲ್ಯದ ಶೇರುಗಳನ್ನು ಕೊಟ್ಟು ಅದನ್ನು ಕೊಂಡಿತು. ಚಿತ್ರ ಏರಿಸುವವರಿಗೆ ಜಾಹೀರಾತಿನ ಹಣದಲ್ಲಿ ಪಾಲು ಕೊಡುವ ಪದ್ಧತಿ 2007ರಲ್ಲಿ ಜಾರಿಗೆ ಬಂತು. ಇಂದು ದೊಡ್ಡ ವಿಡಿಯೋಗಳ ಮೇಲೆ ಬರುವ ಜಾಹೀರಾತಿನ ಆದಾಯದಲ್ಲಿ ನೂರಕ್ಕೆ 55 ಪಾಲು ಚಿತ್ರ ಮಾಡಿದವನಿಗೆ, 45 ಪಾಲು ಕಂಪೆನಿಗೆ. 2024ನೆಯ ಇಸವಿಯೊಂದರಲ್ಲಿಯೇ ಯೂಟ್ಯೂಬಿನ ಜಾಹೀರಾತು ಆದಾಯವು ಸುಮಾರು 3,610 ಕೋಟಿ ಡಾಲರುಗಳಷ್ಟಿತ್ತು. ನಮ್ಮ ಮುಂಬಯಿಯಲ್ಲಿ 2025ರ ಮೇ ತಿಂಗಳಲ್ಲಿ ಜರಗಿದ ವೇವ್ಸ್ ಸಮ್ಮೇಳನದಲ್ಲಿ ಅದರ ಮುಖ್ಯಸ್ಥರಾದ ನೀಲ್ ಮೋಹನ್ ಅವರು, ಹಿಂದಿನ ಮೂರು ವರ್ಷಗಳಲ್ಲಿ ಭಾರತದ ಚಿತ್ರಕಾರರಿಗೂ ಕಲಾವಿದರಿಗೂ ಮಾಧ್ಯಮ ಸಂಸ್ಥೆಗಳಿಗೂ ಒಟ್ಟು 21,000 ಕೋಟಿ ರೂಪಾಯಿಗಳಿಗೂ ಹೆಚ್ಚು ಹಣವನ್ನು ಸಲ್ಲಿಸಲಾಗಿದೆಯೆಂದು ಸಾರಿದರು.

ಇದರಲ್ಲಿ ನಮ್ಮ ಬಿಲ್ಲಿನವರ ಪಾಲೆಷ್ಟು? ಪಾಲುದಾರಿಕೆಗೆ ಅರ್ಹರಾಗಬೇಕಾದರೆ 1,000 ಮಂದಿ ಚಂದಾದಾರರೂ, ಹನ್ನೆರಡು ತಿಂಗಳಲ್ಲಿ 4,000 ಗಂಟೆಗಳ ವೀಕ್ಷಣೆಯೂ ಆಗಬೇಕು. (ಚಿಕ್ಕ ಚಿತ್ರಗಳ ಲೆಕ್ಕ ಬೇರೆ, ಅದು ಇಲ್ಲಿ ಬೇಡ.) ಈ ಗೆರೆಯನ್ನು ದಾಟಲು ಅವರಿಗೆ ಎರಡು ವರ್ಷ ಹಿಡಿಯಿತು. ದಾಟಿದ ಮೇಲೂ ಲೆಕ್ಕದಲ್ಲಿ 100 ಡಾಲರು ಸೇರುವ ತನಕ ಕೈಗೆ ಕಾಸು ಬರುವುದಿಲ್ಲ. ಅವರಿಗೆ ಆ ನೂರು ಕೂಡಲು ಕೆಲವೊಮ್ಮೆ ನಾಲ್ಕೈದು ತಿಂಗಳುಗಳಾಗುತ್ತವೆ. ಕನ್ನಡದ ಪ್ರಸಂಗವನ್ನು ನೋಡುವವರು ಹಿಂದೀ ಚಿತ್ರಗೀತೆಯನ್ನು ನೋಡುವಷ್ಟು ಮಂದಿ ಇಲ್ಲವಷ್ಟೆ. ಅಂತಹ ಅಲ್ಪ ಸಂಖ್ಯೆಯಲ್ಲಿ ಹತ್ತು ಜನ ಜಾಹೀರಾತನ್ನು ತಡೆದರೂ ಅವರಿಗೆ ತಟ್ಟುತ್ತದೆ, ಕಂಪೆನಿಗೆ ತಟ್ಟುವುದಿಲ್ಲ. ಬಿಲ್ಲಿನವರ ಕೋಪಕ್ಕೆ ಕಾರಣವಿಲ್ಲದಿಲ್ಲ.

ಜಾಹೀರಾತು ತಡೆಯುವ ಸಾಧನದ ಕಥೆಯೂ ಹಳೆಯದೇ. 2002ರಲ್ಲಿ ಡೆನ್ಮಾರ್ಕಿನ ಹೆನ್ರಿಕ್ ಓಸ್ಟೆಡ್ ಸೋರೆನ್ಸೆನ್ ಎಂಬ ವಿದ್ಯಾರ್ಥಿ ಮೊದಲ ಆ್ಯಡ್ ಬ್ಲಾಕನ್ನು ಬರೆದನು. 2006ರಲ್ಲಿ ವ್ಲಾಡಿಮಿರ್ ಪಾಲಾಂಟ್ ಎಂಬವರು ಅದನ್ನು ಹೊಸದಾಗಿ ಕಟ್ಟಿ ಆ್ಯಡ್ ಬ್ಲಾಕ್ ಪ್ಲಸ್ ಎಂದು ಕರೆದರು. ಅದು ಕೆಲಸ ಮಾಡುವ ಬಗೆಯು ಅಡುಗೆಮನೆಯವರಿಗೆ ಸುಲಭವಾಗಿ ತಿಳಿಯುವಂತಹುದು. ಮೊರದಲ್ಲಿ ಅಕ್ಕಿ ಹರವಿ ಕಲ್ಲು ಆರಿಸುವಂತೆ, ಜಾಹೀರಾತು ಯಾವ ಯಾವ ವಿಳಾಸಗಳಿಂದ ಬರುತ್ತದೆಂಬ ಒಂದು ಉದ್ದನೆಯ ಪಟ್ಟಿಯನ್ನು ಇಟ್ಟುಕೊಂಡು, ಬ್ರೌಸರು ಆ ವಿಳಾಸಕ್ಕೆ ಕರೆ ಕಳುಹಿಸುವ ಮೊದಲೇ ಅದನ್ನು ತಡೆದುಬಿಡುವುದು. ಈ ಪಟ್ಟಿಗಳನ್ನು ಹಗಲಿರುಳು ತಿದ್ದುವವರು ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು.

ಆದರೆ ತಡೆಯುವವರೆಲ್ಲರೂ ಸತ್ಯಹರಿಶ್ಚಂದ್ರರಲ್ಲ. ಆ್ಯಡ್ ಬ್ಲಾಕ್ ಪ್ಲಸ್ಸನ್ನು ನಡೆಸುವ ಜರ್ಮನಿಯ ಐಓ ಕಂಪೆನಿಯು 2011ರಿಂದ 'ಒಪ್ಪಬಹುದಾದ ಜಾಹೀರಾತು' ಎಂಬ ಏರ್ಪಾಡನ್ನು ಹೂಡಿತು. ಕಣ್ಣಿಗೆ ಹೊಡೆಯದ, ಸದ್ದು ಮಾಡದ ಜಾಹೀರಾತುಗಳನ್ನು ಬಿಡುವುದು. ಚಿಕ್ಕವರಿಗೆ ಪುಕ್ಕಟೆ, ದೊಡ್ಡ ಕಂಪೆನಿಗಳು ಮಾತ್ರ ಅದರಿಂದ ಬಂದ ಹೆಚ್ಚಿನ ಆದಾಯದಲ್ಲಿ ನೂರಕ್ಕೆ 30ನ್ನು ತೆರಬೇಕು. ಗೂಗಲ್ ಸಹ ಹಾಗೆ ತೆತ್ತಿದೆ! ಬಾಗಿಲು ಕಾಯಲು ನಾವಿಟ್ಟ ಗೂರ್ಖಾನು ಒಳಬರುವವರಿಂದ ಕಾಸು ಪಡೆದು ಬಿಡುವಂತೆ ನಮಗಿದು ಕಾಣುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, 2014ರಲ್ಲಿ ಯೂಬ್ಲಾಕ್ ಎಂಬ ಸಾಧನವನ್ನು ನಿರ್ಮಿಸಿ ಮುಂದೆ ಯೂಬ್ಲಾಕ್ ಆರಿಜಿನ್ ಹೆಸರಿನಿಂದ ನಡೆಸುತ್ತಿರುವ ರೇಮಂಡ್ ಹಿಲ್ ಅವರು ದೇಣಿಗೆಯನ್ನು ಕೂಡ ಸ್ವೀಕರಿಸುವುದಿಲ್ಲ. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಬಹುಕಾಲ ಸುಮ್ಮನಿದ್ದ ಯೂಟ್ಯೂಬ್ 2023ರ ಮೇ ತಿಂಗಳಲ್ಲಿ ಎದುರು ನಿಂತಿತು. ತಡೆಯನ್ನು ತೆಗೆಯಿರಿ, ಇಲ್ಲವೇ ಹಣ ಕೊಟ್ಟು ಚಂದಾದಾರರಾಗಿರಿ, ಇಲ್ಲವಾದರೆ ಮೂರು ವಿಡಿಯೋಗಳ ನಂತರ ಪರದೆ ಬೀಳುವುದೆಂಬ ಎಚ್ಚರಿಕೆ ಮೊದಲು ಕೆಲವರಿಗೆ ಬಂತು. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ ಲೋಕಕ್ಕೆಲ್ಲ ಹಬ್ಬಿತು. ಹಲವರು ಬೇಸತ್ತು ತಡೆಯನ್ನು ಕಿತ್ತುಹಾಕಿದರು, ಹಲವರು ಒಂದನ್ನು ಕಿತ್ತು ಇನ್ನೊಂದನ್ನು ಹಾಕಿಕೊಂಡರು. ಪಟ್ಟಿ ತಿದ್ದುವವರು ಬೆಳಗ್ಗೆ ಒಂದು ಉಪಾಯ ಹೂಡಿದರೆ ಸಂಜೆಗೆ ಕಂಪೆನಿಯ ಪ್ರತ್ಯುಪಾಯ ಸಿದ್ಧ. ನೋಡುಗನ ಯಂತ್ರದಲ್ಲಿ ಏನಿದೆಯೆಂದು ಹೀಗೆ ಇಣುಕಿ ನೋಡುವುದು ಯೂರೋಪಿನ ಕಾನೂನಿಗೆ ವಿರುದ್ಧವೆಂದು ಅಲೆಕ್ಸಾಂಡರ್ ಹ್ಯಾನ್ಫ್ ಎಂಬ ಖಾಸಗಿತನದ ಹೋರಾಟಗಾರರು ಐರ್ಲೆಂಡಿನ ಅಧಿಕಾರಿಗಳಿಗೆ ದೂರನ್ನೂ ಕೊಟ್ಟರು. 2024ರ ಏಪ್ರಿಲಿನಲ್ಲಿ, ಜಾಹೀರಾತಿಲ್ಲದೆ ಯೂಟ್ಯೂಬ್ ತೋರಿಸುವ ಹೊರಗಿನ ಆ್ಯಪುಗಳ ಮೇಲೂ ಕ್ರಮ ಕೈಗೊಳ್ಳುವುದಾಗಿ ಸಂಸ್ಥೆ ಸಾರಿತು. ಆ ಜೂನಿನಲ್ಲಿ ಜಾಹೀರಾತನ್ನು ಬೇರೆಯಾಗಿ ಕಳುಹಿಸದೆ ವಿಡಿಯೋದೊಳಗೇ ಹೊಲಿದು ಕಳುಹಿಸುವ ಪ್ರಯೋಗವೂ ಕಂಡುಬಂದಿತು. ಕಲ್ಲನ್ನು ಅಕ್ಕಿಯಿಂದ ಆರಿಸಬಹುದು. ಹಿಟ್ಟಿನಲ್ಲಿ ಕಲಸಿದ ಸೋಡವನ್ನು ಆರಿಸುವವರಾರು?

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅಂಗಡಿಯ ಒಡೆಯನೇ ಅಂಗಡಿಗೆ ಹೋಗುವ ರಸ್ತೆಗೂ ಒಡೆಯನಾಗಿದ್ದಾನೆ. ಬಹುಮಂದಿ ಬಳಸುವ ಕ್ರೋಮ್ ಬ್ರೌಸರು ಗೂಗಲಿನದೇ. ಅದಕ್ಕೆ ಸೇರಿಸುವ ಸಾಧನಗಳ ನಿಯಮವನ್ನು ಬದಲಾಯಿಸಿ, 2024ರ ಜೂನಿನಿಂದ ತೊಡಗಿ ಮರುವರ್ಷದೊಳಗೆ ಹಳೆಯ ಬಗೆಯ ಸಾಧನಗಳನ್ನು ಕ್ರೋಮಿನಲ್ಲಿ ನಿಷ್ಕ್ರಿಯಗೊಳಿಸಲಾಯಿತು. ಯೂಬ್ಲಾಕ್ ಆರಿಜಿನ್ ಅದರಲ್ಲಿ ಹೋಯಿತು. ಅದರ ಕೃಶವಾದ ಕಿರಿಯ ರೂಪ ಮಾತ್ರ ಉಳಿಯಿತು. ಇದು ಬಳಕೆದಾರರ ಸುರಕ್ಷಿತತೆಗಾಗಿ ಎಂದು ಗೂಗಲ್ ಹೇಳುತ್ತದೆ. ಇರಬಹುದು. ಆದರೆ ತಕ್ಕಡಿ ಹಿಡಿದವನೇ ಬಟ್ಟನ್ನೂ ತಯಾರಿಸುವಾಗ ಗಿರಾಕಿಗೆ ಸಂಶಯ ಬಂದರೆ ಅವನನ್ನು ದೂರುವಂತಿಲ್ಲ. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಹಳೆಯ ರೂಪವೇ ನಡೆಯುತ್ತಿದೆ.

ಇನ್ನು ನ್ಯಾಯಾಲಯಗಳ ಮಾತು. ಜರ್ಮನಿಯ ಪ್ರಸಿದ್ಧ ಪತ್ರಿಕಾ ಸಂಸ್ಥೆಯಾದ ಆಕ್ಸೆಲ್ ಸ್ಪ್ರಿಂಗರ್ ಐಓ ಕಂಪೆನಿಯ ಮೇಲೆ ದಾವೆ ಹೂಡಿತ್ತು. ಜಾಹೀರಾತು ತಡೆಯುವ ಸಾಧನವನ್ನು ಒದಗಿಸುವುದು ಅನ್ಯಾಯದ ಸ್ಪರ್ಧೆಯಲ್ಲ, ಅದನ್ನು ಬಳಸುವುದೋ ಬಿಡುವುದೋ ನೋಡುಗನ ನಿರ್ಧಾರ ಎಂದು ಅಲ್ಲಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯವು 2018ರ ಏಪ್ರಿಲ್ 19ರಂದು ತೀರ್ಪಿತ್ತಿತು. ಸ್ಪ್ರಿಂಗರ್ ಬಿಡಲಿಲ್ಲ, ಕೃತಿಸ್ವಾಮ್ಯದ ಆಧಾರದ ಮೇಲೆ ಮತ್ತೊಂದು ದಾವೆ ಹೂಡಿತು. 2025ರ ಜುಲೈ 31ರಂದು ಅದೇ ನ್ಯಾಯಾಲಯ ಆ ಪ್ರಶ್ನೆಯನ್ನು ಪುನಃ ವಿಚಾರಿಸಬೇಕೆಂದು ಹ್ಯಾಂಬರ್ಗಿನ ಮೇಲ್ಮನವಿ ನ್ಯಾಯಾಲಯಕ್ಕೆ ಹಿಂದಿರುಗಿಸಿತು. ನೋಡುಗನನ್ನು ಕಳ್ಳನೆಂದು ಅಲ್ಲಿ ಯಾರೂ ಕರೆದಿಲ್ಲ. ಯೂಟ್ಯೂಬ್ ಹೇಳುವುದೂ ಕಳ್ಳತನವೆಂದಲ್ಲ, ತನ್ನ ಬಳಕೆಯ ಕರಾರಿಗೆ ವಿರುದ್ಧವೆಂದು. ಕರಾರು ಮುರಿದರೆ ಬಾಗಿಲು ಹಾಕುವ ಅಧಿಕಾರ ಅದಕ್ಕಿದೆ. ನಮ್ಮ ಹೋಟೆಲುಗಳಲ್ಲಿಯೂ 'ಪ್ರವೇಶದ ಹಕ್ಕು ಕಾದಿರಿಸಲಾಗಿದೆ' ಎಂಬ ಹಲಗೆ ತೂಗುತ್ತದಲ್ಲವೇ?

ಆ ಹಲಗೆಯ ಮಾತು ಬಂದುದರಿಂದ ಒಂದು ಅನುಭವವನ್ನು ಹೇಳಬಹುದು. ನಾವು ಗಲ್ಲಾದ ಮೇಲೆ ಕುಳಿತ ಹದಿನಾರು ವರ್ಷಗಳಲ್ಲಿ ಒಂದು ಕಟಿಂಗ್ ಚಹಾ ಕುಡಿದು ಎರಡು ತಾಸು ಪತ್ರಿಕೆ ಓದುವ ಗಿರಾಕಿಗಳನ್ನು ನೂರಾರು ನೋಡಿದ್ದೇವೆ. ಊಟದ ವೇಳೆ ಅವರನ್ನು ನೋಡಿ ಸಿಟ್ಟು ಬಂದುದೂ ಉಂಟು. ಆದರೆ ಅವರನ್ನು ಕಳ್ಳರೆಂದು ಕರೆಯುವ ಯೋಚನೆ ಬರಲಿಲ್ಲ, ಹತ್ತು ಮೇಜುಗಳಲ್ಲಿ ಎಂಟು ಮೇಜಿನವರು ತಿಂಡಿ ತಿನ್ನುತ್ತಿದ್ದರು, ನಡೆಯುತ್ತಿತ್ತು. ಹತ್ತೂ ಮೇಜುಗಳಲ್ಲಿ ಅವರೇ ಕುಳಿತರೆ ಮೊದಲು ಸಂಬಳ ನಿಲ್ಲುವುದು ಧಣಿಯದಲ್ಲ, ಮೇಜು ಒರೆಸುವ ಹುಡುಗನದು. ಗುಮಾಸ್ತರಿಗೆ ನಾವು ಹೇಳಬೇಕಾದುದು ಇಷ್ಟೇ.

ಆದರೆ ಅವರ ಪಕ್ಷದಲ್ಲಿ ಹೇಳಬೇಕಾದುದು ಇದಕ್ಕಿಂತ ಹೆಚ್ಚು ತೂಕದ್ದಾಗಿದೆ.

ನಮ್ಮ ಹಳೆಯ ಹೋಟೆಲಿನ ಕ್ಯಾಶಿಯರರೊಬ್ಬರು, ಲೆಕ್ಕದಲ್ಲಿ ಒಂದು ಪೈಸೆ ತಪ್ಪದವರು, 2021ರಲ್ಲಿ ಮಗಳ ಶಾಲೆಯ ಫೀಸಿನ ಚಿಂತೆಯಲ್ಲಿದ್ದಾಗ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರು. ನಡುವೆ ಬಂದ ಜಾಹೀರಾತು 'ಐದು ನಿಮಿಷದಲ್ಲಿ ಸಾಲ, ಕಾಗದಪತ್ರ ಬೇಡ' ಎಂದಿತು. ಒತ್ತಿದರು. ಐದು ಸಾವಿರ ಕೇಳಿದವರಿಗೆ ಮೂರು ಸಾವಿರದ ಚಿಲ್ಲರೆ ಬಂತು. ಏಳನೆಯ ದಿನ ಪೂರ್ತಿ ಐದು ಸಾವಿರ ಕೊಡೆಂದು ಕರೆಗಳು ಬರತೊಡಗಿದವು. ಎಂಟನೆಯ ದಿನ ಅವರ ಫೋನಿನಲ್ಲಿದ್ದ ಹೆಸರುಗಳಿಗೆಲ್ಲ, ಊರಿನಲ್ಲಿರುವ ಭಾವನವರಿಗೆ, ಮಗಳ ಶಾಲೆಯ ಬಾಯಿಯವರಿಗೆ ಕೂಡ 'ಇವನು ಮೋಸಗಾರ' ಎಂಬ ಸಂದೇಶ ಹೋಯಿತು. ಆ ಮನುಷ್ಯರು ಮೂರು ದಿನ ಕೆಲಸಕ್ಕೆ ಬರಲಿಲ್ಲ. ಸಾಲದ ಆ್ಯಪುಗಳು ಹೀಗೆ ಗಿರಾಕಿಯ ಫೋನಿನ ಹೆಸರುಪಟ್ಟಿಯನ್ನು ಮುಟ್ಟಕೂಡದೆಂದು ರಿಸರ್ವ್ ಬ್ಯಾಂಕು ಕಟ್ಟಪ್ಪಣೆ ಮಾಡಿದುದು 2022ರ ಸಪ್ಟೆಂಬರಿನಲ್ಲಿ. ಕ್ಯಾಶಿಯರರು ಅಷ್ಟರೊಳಗೆ ಮಡದಿಯ ಬಳೆ ಮಾರಿ ಸಾಲ ತೀರಿಸಿದ್ದರು.

ನಾವು ಅವರೊಡನೆ ಕುಳಿತು, ಆ ಜಾಹೀರಾತನ್ನು ಹಾಕಿದವರು ಯಾರು, ಯಾರನ್ನು ಕೇಳಬೇಕು ಎಂದು ಹುಡುಕಿದೆವು. ಒಂದು ಅರ್ಜಿಯ ನಮೂನೆ ಸಿಕ್ಕಿತು. ತುಂಬಿದೆವು. ಯಾವ ಮನುಷ್ಯನ ಮುಖವೂ ಸಿಕ್ಕಲಿಲ್ಲ.

ಇದರೊಡನೆ ನಮ್ಮದೇ ಒಂದು ತಪ್ಪನ್ನೂ ಹೇಳಿಬಿಡುತ್ತೇವೆ. ನಾವು ಪತ್ರಿಕೆಯ ಹೊಣೆ ಹೊತ್ತ ಹೊಸದರಲ್ಲಿ ಒಂದು ಚೀಟಿ ಸಂಸ್ಥೆಯ ಜಾಹೀರಾತನ್ನು ವಿಚಾರಿಸದೆ ಮೂರು ಸಲ ಅಚ್ಚು ಹಾಕಿದೆವು. ಆರು ತಿಂಗಳಲ್ಲಿ ಅದಕ್ಕೆ ಬೀಗ ಬಿತ್ತು. ಹಣ ಕಳೆದುಕೊಂಡ ಒಬ್ಬ ಅಡುಗೆ ಭಟ್ಟರು ಪತ್ರಿಕೆಯ ತುಂಡನ್ನು ಕೈಯಲ್ಲಿ ಹಿಡಿದು ನಮ್ಮ ಕಾರ್ಯಾಲಯದ ಇದೇ ಬೆಂಚಿನ ಮೇಲೆ ಬೆಳಗಿನಿಂದ ಸಂಜೆಯ ತನಕ ಕುಳಿತರು. ಬಯ್ಯಲಿಲ್ಲ. "ನೀವು ಹಾಕಿದ್ದೀರಿ ಅಂತ ನಂಬಿದೆ" ಎಂದಷ್ಟೇ ಹೇಳಿದರು. ಜಾಹೀರಾತಿನಿಂದ ನಮಗೆ ಬಂದ ಹಣವನ್ನು ಅವರಿಗೆ ಕೊಟ್ಟು, ಮರುದಿನ ಮುಖಪುಟದಲ್ಲಿ ಕ್ಷಮಾಪಣೆ ಅಚ್ಚು ಹಾಕಿದೆವು. ಅವರು ಕಳೆದುಕೊಂಡುದರ ಹತ್ತನೆಯ ಒಂದು ಪಾಲೂ ಅದಾಗಿರಲಿಲ್ಲ. ಆದರೂ ಅವರಿಗೆ ಬಂದು ಕುಳಿತುಕೊಳ್ಳಲು ಒಂದು ಬೆಂಚು ಇತ್ತು. ಅಂದಿನಿಂದ ಸಾಲ, ಚೀಟಿ, ವಿದೇಶದ ನೌಕರಿಗಳ ಜಾಹೀರಾತು ನಮ್ಮ ಕಣ್ಣಿಗೆ ಬೀಳದೆ ಅಚ್ಚಿಗೆ ಹೋಗುವುದಿಲ್ಲ.

ಈ ಬೆಂಚು ಯಂತ್ರದ ಜಾಹೀರಾತಿನಲ್ಲಿಲ್ಲ. ಅಲ್ಲಿ ಯಾವ ನೋಡುಗನಿಗೆ ಯಾವ ಜಾಹೀರಾತೆಂಬುದನ್ನು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಹರಾಜು ಹಾಕಿ ತೀರ್ಮಾನಿಸಲಾಗುತ್ತದೆ. ಸಾಲದ ಚಿಂತೆಯುಳ್ಳವನಿಗೆ ಸಾಲದವನೇ ಎದುರಾಗುವುದು ಕೇವಲ ಆಕಸ್ಮಿಕವೆನ್ನುವಂತಿಲ್ಲ. 2018ರ ಜನವರಿಯಲ್ಲಿ ಯೂಟ್ಯೂಬಿನ ಕೆಲವು ಜಾಹೀರಾತುಗಳೊಳಗೆ, ನೋಡುಗನ ಕಂಪ್ಯೂಟರನ್ನು ಗುಟ್ಟಾಗಿ ದುಡಿಸಿ ಪರರಿಗೆ ಡಿಜಿಟಲ್ ನಾಣ್ಯ ಗಳಿಸಿಕೊಡುವ ಲಿಪಿ ಅಡಗಿದ್ದುದು ಪತ್ತೆಯಾಯಿತು. ಗೂಗಲ್ ಅದನ್ನು ತೆಗೆದುಹಾಕಿತು, ನಿಜ. ಅಮೇರಿಕೆಯ ಎಫ್.ಬಿ.ಐ. ಪೋಲೀಸು ಸಂಸ್ಥೆಯೇ 2022ರ ದಶಂಬರದಲ್ಲಿ, ಬ್ಯಾಂಕು ಮುಂತಾದವುಗಳ ಸೋಗಿನಲ್ಲಿ ಹುಡುಕಾಟದ ಪುಟಗಳಲ್ಲಿ ಬರುವ ಮೋಸದ ಜಾಹೀರಾತುಗಳಿಂದ ಪಾರಾಗಲು ಜಾಹೀರಾತು ತಡೆಯನ್ನು ಬಳಸಿರೆಂದು ನಾಗರಿಕರಿಗೆ ಸಲಹೆಯಿತ್ತಿತು. ಪೋಲೀಸರೇ ಕೊಡೆ ಹಿಡಿಯಿರೆನ್ನುವಾಗ ಕೊಡೆ ಹಿಡಿದವನನ್ನು ಅಪರಾಧಿಯೆನ್ನುವುದು ಹೇಗೆ? ನಮ್ಮ ಸಂಸತ್ತು ಸಹ 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ಅವುಗಳ ಜಾಹೀರಾತುಗಳನ್ನೂ ನಿಷೇಧಿಸುವ ಶಾಸನವನ್ನು ಅಂಗೀಕರಿಸಿತು. ಅದಕ್ಕೆ ಮುಂಚಿನ ವರ್ಷಗಳಲ್ಲಿ ರಮ್ಮಿಯ ಜಾಹೀರಾತಿಲ್ಲದೆ ಒಂದು ತಾಳಮದ್ದಳೆಯನ್ನು ಪೂರ್ತಿ ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಆದುದರಿಂದ ನಮ್ಮ ಅಭಿಪ್ರಾಯ ಹೀಗಿದೆ: ಜಾಹೀರಾತನ್ನು ತಡೆಯುವುದು ಕಳ್ಳತನವಲ್ಲ, ಆದರೆ ಅದರ ಬೆಲೆಯನ್ನು ಯಾರೋ ತೆರುತ್ತಾರೆ, ಮತ್ತು ತೆರುವವನು ನಮ್ಮವನೇ ಆಗಿರಬಹುದು. ಜಾಹೀರಾತನ್ನು ನೋಡಿರೆಂದು ಒತ್ತಾಯಿಸುವ ಕಂಪೆನಿಯು ಆ ಜಾಹೀರಾತಿಗೆ ಹೊಣೆಯಾಗಿಯೂ ನಿಲ್ಲಬೇಕು. ಬಲವಂತವಾಗಿ ಬಡಿಸಿದ ಪದಾರ್ಥದಿಂದ ಹೊಟ್ಟೆ ಕೆಟ್ಟರೆ 'ಅದು ಹೊರಗಿನಿಂದ ತರಿಸಿದ್ದು' ಎಂಬ ಸಮಾಧಾನ ಯಾವ ಹೋಟೆಲಿನಲ್ಲಿಯೂ ನಡೆಯುವುದಿಲ್ಲ.

ಹಣ ಕೊಟ್ಟು ಜಾಹೀರಾತಿಲ್ಲದೆ ನೋಡುವ ದಾರಿಯೂ ಉಂಟು. 2019ರಲ್ಲಿ ಭಾರತಕ್ಕೆ ಬಂದಾಗ ತಿಂಗಳಿಗೆ 129 ರೂಪಾಯಿ ಇದ್ದ ಪ್ರೀಮಿಯಮ್ ಚಂದಾ 2024ರ ಆಗಸ್ಟಿನಲ್ಲಿ 149ಕ್ಕೆ ಏರಿತು. ಈ ಹಣದಲ್ಲಿಯೂ ನೋಡಿದ ಹೊತ್ತಿಗೆ ಅನುಸಾರವಾಗಿ ಚಿತ್ರ ಮಾಡಿದವನಿಗೆ ಪಾಲು ಹೋಗುತ್ತದೆಂಬುದನ್ನು ಬಹುಮಂದಿ ಅರಿಯರು. ಕುಟುಂಬದ ಚಂದಾ 299 ರೂಪಾಯಿ. ಒಂದೇ ವಿಳಾಸದ ಆರು ಮಂದಿಗೆ. ಹೋಟೆಲಿನ ಮಾಳಿಗೆಯಲ್ಲಿ ಸಾಲಾಗಿ ಮಲಗುವ ಆರು ಮಂದಿಯನ್ನು ಕಂಪೆನಿಯು ಕುಟುಂಬವೆಂದು ಒಪ್ಪುವುದೋ ಇಲ್ಲವೋ, ಊರು ಬಿಟ್ಟು ಬಂದ ನಾವಂತೂ ಒಪ್ಪಿದ್ದೇವೆ.

ಒಂದು ಎಚ್ಚರಿಕೆಯನ್ನು ಮಾತ್ರ ಹೋಟೆಲು ಬಂಧುಗಳಿಗೆ ಒತ್ತಿ ಹೇಳಬೇಕಾಗಿದೆ. ಫೋನಿನ ಯೂಟ್ಯೂಬ್ ಆ್ಯಪಿನಲ್ಲಿ ಬ್ರೌಸರಿನ ತಡೆ ಸಾಗದು. ಆದುದರಿಂದ 'ಜಾಹೀರಾತಿಲ್ಲದ ಯೂಟ್ಯೂಬ್' ಎಂಬ ಕಡತವನ್ನು ವಾಟ್ಸಾಪಿನಲ್ಲಿ ಒಬ್ಬರಿಂದೊಬ್ಬರಿಗೆ ದಾಟಿಸುವ ರೂಢಿ ಬಿದ್ದಿದೆ. ಅಂತಹ ಆ್ಯಪುಗಳಲ್ಲಿ ಹೆಸರಾಗಿದ್ದ ವ್ಯಾನ್ಸ್ಡ್ ಎಂಬುದು 2022ರ ಮಾರ್ಚಿನಲ್ಲಿಯೇ ನಿಂತುಹೋಯಿತು. ಗುರುತಿಲ್ಲದವರು ಅದೇ ಹೆಸರಿನಲ್ಲಿ ಹಂಚುವ ಕಡತದೊಳಗೆ ಏನಿದೆಯೆಂದು ಬಲ್ಲವರಾರು? ಜಾಹೀರಾತಿನ ಹದಿನೈದು ಸೆಕೆಂಡನ್ನು ಉಳಿಸಹೋಗಿ ಬ್ಯಾಂಕಿನ ಖಾತೆಯ ಬೀಗದಕೈಯನ್ನು ಕೊಟ್ಟಂತಾಗಬಾರದು. ಈಗಾಗಲೇ ಹಣ ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಬೇಕು.

ಮುಂದಿನ ಭಾನುವಾರ ಇಬ್ಬರೂ ಬಂದರು. ಮೇಲಿನದನ್ನೆಲ್ಲ ಓದಿ ಹೇಳಿದೆವು. ಬಿಲ್ಲಿನವರು ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಚಾನೆಲಿನ ಮೇಲೆ ಯಾವ ವರ್ಗದ ಜಾಹೀರಾತು ಬೇಡವೆಂದು ಹೇಳುವ ಏರ್ಪಾಡು ಲೆಕ್ಕದ ಪುಟದಲ್ಲಿ ಇದೆಯೆಂದೂ, ಆದಾಯ ತಗ್ಗೀತೆಂಬ ಭಯದಿಂದ ಅದನ್ನು ಈ ತನಕ ಮುಟ್ಟಿರಲಿಲ್ಲವೆಂದೂ ಒಪ್ಪಿಕೊಂಡರು. ಅಲ್ಲಿಯೇ ಕುಳಿತು, ದಿಢೀರ್ ಶ್ರೀಮಂತರಾಗಿಸುವ ಬಗೆಯವನ್ನೆಲ್ಲ ತೆಗೆದುಹಾಕಿದರು. ಗುಮಾಸ್ತರು ತಮ್ಮ ಸಾಧನದಲ್ಲಿ ಬಿಲ್ಲಿನವರ ಚಾನೆಲಿಗೆ ವಿನಾಯಿತಿ ಕೊಡುವುದಾಗಿ ಹೇಳಿದರು. ಬೇರೆ ಕಡೆಗಳಲ್ಲಿ ತಡೆಯನ್ನು ತೆಗೆಯುವುದಿಲ್ಲವೆಂದೂ ಸ್ಪಷ್ಟಪಡಿಸಿದರು, ನಾವೂ ಒತ್ತಾಯಿಸಲಿಲ್ಲ. ನಮ್ಮ ಹಳೆಯ ಕ್ಯಾಶಿಯರರು ಸುದ್ದಿ ಕೇಳಿ, ತಮ್ಮ ಫೋನಿನ ಬ್ರೌಸರಿಗೂ ಅದನ್ನು ಹಾಕಿಕೊಡಬೇಕೆಂದು ಗುಮಾಸ್ತರಿಗೆ ಹೇಳಿ ಕಳುಹಿಸಿದ್ದಾರೆ.